ನೀರಡಿಯ ಮರಣವೃತ್ತಾಂತಗಳ ಪ್ರಾಮಾಣ್ಯ ವಿಚಾರ

ವಿನೋದಾರ್ಥವಾಗಿ ಸಮುದ್ರದಲ್ಲಿಯೂ ಸರೋವರಗಳಲ್ಲಿಯೂ ನೀರು ತುಂಬಿದ ಗುಹೆಗಳಲ್ಲಿಯೂ ಮುಳುಗುವವರಿಗೆ ಒದಗುವ ಅಪಘಾತಗಳನ್ನು ಕುರಿತು ಕಳೆದ ಐದಾರು ದಶಕಗಳಲ್ಲಿ ಒಂದು ಬಗೆಯ ಬರವಣಿಗೆಯು ಬೆಳೆದು ಬಂದಿದೆ. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ ದೇಶಗಳ ಮುಳುಗುಗಾರರ ಸಂಘಗಳೂ ವೈದ್ಯರೂ ಇದನ್ನು ವರದಿಗಳ ರೂಪದಲ್ಲಿ ಪ್ರಕಟಿಸುತ್ತ ಬಂದಿರುತ್ತಾರೆ. ಇದನ್ನು ಸಾಹಿತ್ಯವೆಂದು ಯಾರೂ ಎಣಿಸಿಲ್ಲ. ಬರೆದವರಿಗೂ ಅಂಥ ಅಭಿಮಾನವಿರುವಂತೆ ಕಾಣುವುದಿಲ್ಲ. ಆದರೂ ಇದು ಗದ್ಯವೇ. ಇದಕ್ಕೆ ತನ್ನದಾದ ಒಂದು ಕ್ರಮವುಂಟು, ರೂಢಿಗೆ ಬಿದ್ದ ಮಾತುಗಳುಂಟು, ಹೇಳದೆ ಬಿಡುವ ಸಂಗತಿಗಳೂ ಉಂಟು. ಕಾವ್ಯವನ್ನು ತಪ್ಪಾಗಿ ಓದಿದವನಿಗೆ ರಸಹಾನಿಯಾಗುತ್ತದೆ. ಈ ಬರವಣಿಗೆಯನ್ನು ತಪ್ಪಾಗಿ ಓದಿ ನೀರಿಗಿಳಿದವನಿಗೆ ಪ್ರಾಣಹಾನಿಯೇ ಆಗಬಹುದು. ಆದುದರಿಂದ ಇದರ ಪ್ರಾಮಾಣ್ಯವೆಷ್ಟು, ಇದನ್ನು ಯಾವ ರೀತಿಯಲ್ಲಿ ಓದಬೇಕು ಎಂಬ ವಿಚಾರವು ಪಾಠವಿಮರ್ಶೆಯಲ್ಲಿ ಪಳಗಿದವರ ಗಮನಕ್ಕೆ ತಕ್ಕುದೆಂದು ಭಾವಿಸಿ ಈ ಲೇಖನವನ್ನು ಬರೆದಿದೆ.

ವಿಷಯಪ್ರವೇಶಕ್ಕೆ ಮುನ್ನ ಎರಡು ಮಾತು ಅವಶ್ಯಕ. ೧೯೪೩ರಲ್ಲಿ ಫ್ರಾನ್ಸಿನಲ್ಲಿ ಜಾಕ್ ಕುಸ್ತೋ, ಎಮಿಲ್ ಗಾನ್ಯಾನ್ ಎಂಬಿಬ್ಬರು, ಮುಳುಗಿದವನ ಸುತ್ತಣ ನೀರಿನ ಒತ್ತಡಕ್ಕೆ ಸರಿಯಾಗಿ ಸಿಲಿಂಡರಿನಿಂದ ಗಾಳಿಯನ್ನು ಒದಗಿಸುವ ಉಪಕರಣವೊಂದನ್ನು ರೂಪಿಸಿದರು. ಸ್ಕೂಬಾ ಎಂದು ಈಗ ಪ್ರಸಿದ್ಧವಾಗಿರುವ ಮುಳುಗಾಟವು ಇದರಿಂದ ಸಾಮಾನ್ಯರ ಕೈಗೆ ಬಂದಿತು. ಸಮುದ್ರದಲ್ಲಿ ಹತ್ತು ಹತ್ತು ಮೀಟರು ಇಳಿದಂತೆಲ್ಲ ಒತ್ತಡವು ಒಂದೊಂದು ವಾಯುಮಂಡಲದಷ್ಟು ಹೆಚ್ಚುತ್ತದೆ. ಹತ್ತು ಮೀಟರಿನ ಆಳದಲ್ಲಿ ಎದೆತುಂಬ ಎಳೆದುಕೊಂಡ ಗಾಳಿಯು ಮೇಲ್ಮೈಗೆ ಬರುವ ವೇಳೆಗೆ ಎರಡರಷ್ಟು ಹಿಗ್ಗುತ್ತದೆ. ಉಸಿರನ್ನು ಬಿಗಿಹಿಡಿದು ಥಟ್ಟನೆ ಮೇಲೇರಿದವನ ಶ್ವಾಸಕೋಶವು ಹರಿದು, ಗಾಳಿಯ ಗುಳ್ಳೆಗಳು ರಕ್ತವನ್ನು ಸೇರಿ ಮಿದುಳಿನ ನಾಳಗಳನ್ನು ತಡೆಗಟ್ಟುವುದುಂಟು. ಇದನ್ನು ಮುಂದೆ ಗಾಳಿಗುಳ್ಳೆಯ ತಡೆಯೆಂದು ಕರೆದಿದೆ. ಇಂಥ ಸಂಕಟಗಳೆಲ್ಲ ನಡೆಯುವುದು ದಡದಲ್ಲಿರುವವರ ಕಣ್ಣಿಗೆ ಬೀಳದ ಕಡೆಯಲ್ಲಿ. ಜೊತೆಗಾರನು ಅಲ್ಲಿ ಮಾತನಾಡಲಾರನು. ನೀರು ಕದಡಿದ್ದರೆ ತನ್ನ ಕೈಯನ್ನೂ ಕಾಣಲಾರನು.

ಮರಣವೃತ್ತಾಂತವನ್ನು ಪರೀಕ್ಷಿಸುವುದು ನಮ್ಮ ವಿದ್ವಾಂಸರಿಗೆ ಹೊಸತಲ್ಲ. ೯೪೯ರ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ಸಂಗತಿಯನ್ನು ಆತಕೂರಿನ ಕಲ್ಲು ಒಂದು ವಿಧವಾಗಿಯೂ ಚೋಳರ ಲೈಡನ್ ತಾಮ್ರಶಾಸನವು ಮತ್ತೊಂದು ವಿಧವಾಗಿಯೂ ಹೇಳುತ್ತವೆ. ಮೊದಲನೆಯದರಂತೆ ಕೊಂದವನು ಗಂಗರ ಬೂತುಗ. ಎರಡನೆಯದರಂತೆ ಆನೆಯ ಮೇಲಿದ್ದ ವೀರನನ್ನು ಕೊಂದುದು ರಾಷ್ಟ್ರಕೂಟ ಕೃಷ್ಣನ ಬಾಣ. ಇದೂ ಸಾಲದೆ, ಆತಕೂರಿನ ಕಲ್ಲಿನ ಒಂದೆರಡು ಪದಗಳನ್ನು ಫ್ಲೀಟರು ಮೋಸದ ಕೊಲೆಯೆಂಬರ್ಥದಲ್ಲಿ ತೆಗೆದುಕೊಂಡರು. ಅನಂತರದವರು ಅವೇ ಪದಗಳಿಗೆ ಅಂಬಾರಿಯೇ ರಣಭೂಮಿಯಾಯಿತೆಂದು ಅರ್ಥ ಹೇಳಿದರು. ಒಂದು ಪಾಠದಿಂದ ಕೊಂದವನು ದ್ರೋಹಿಯಾಗುತ್ತಾನೆ, ಇನ್ನೊಂದರಿಂದ ವೀರನಾಗುತ್ತಾನೆ. ಯಾರು ಬರೆಯಿಸಿದರು, ಏತಕ್ಕಾಗಿ ಬರೆಯಿಸಿದರು, ಒಂದು ಪದದ ಮೇಲೆ ಎಷ್ಟು ಭಾರವನ್ನು ಹೊರಿಸಬಹುದು ಎಂಬ ಮೂರು ಪ್ರಶ್ನೆಗಳನ್ನು ಶಾಸನಕ್ಕೆ ಹಾಕುವಂತೆಯೇ ಈ ವರದಿಗಳಿಗೂ ಹಾಕಬೇಕಾಗಿದೆ.

೧

ಈ ವರ್ಗದ ಬರವಣಿಗೆಯಲ್ಲಿ ಮೊದಲು ವಿಚಾರಿಸತಕ್ಕ ಗ್ರಂಥವು ಶೆಕ್ ಎಕ್ಸ್‌ಲೆ ಎಂಬಾತನು ೧೯೭೯ರಲ್ಲಿ ಪ್ರಕಟಿಸಿದ 'ಬೇಸಿಕ್ ಕೇವ್ ಡೈವಿಂಗ್'. ಬದುಕಿ ಉಳಿಯುವುದಕ್ಕೆ ಒಂದು ನಕ್ಷೆ ಎಂಬುದು ಅದರ ಉಪನಾಮದ ತಾತ್ಪರ್ಯ. ಗ್ರಂಥಕರ್ತನು ಫ್ಲಾರಿಡಾ ಪ್ರಾಂತದಲ್ಲಿ ಗಣಿತದ ಉಪಾಧ್ಯಾಯನಾಗಿದ್ದವನು. ಅಲ್ಲಿಯ ಸುಣ್ಣಕಲ್ಲಿನ ಬುಗ್ಗೆಗಳ ಒಳಗಿನ ಗುಹೆಗಳಲ್ಲಿ ಮುಳುಗಿದವರಲ್ಲಿ ಅಗ್ರಗಣ್ಯನು. ಗ್ರಂಥವು ಚಿಕ್ಕದು. ಅಧ್ಯಾಯದ ಮೊದಲಲ್ಲಿ ಒಂದು ಅಪಘಾತದ ಕಥನವಿರುತ್ತದೆ. ಅನಂತರ ಆ ಮರಣವನ್ನು ತಪ್ಪಿಸಬಹುದಾಗಿದ್ದ ನಿಯಮದ ನಿರೂಪಣೆ ಬರುತ್ತದೆ. ದುರ್ಗಸಿಂಹನ ಪಂಚತಂತ್ರವನ್ನು ಓದಿದವರಿಗೆ ಕಥೆಯನ್ನೂ ನೀತಿಯನ್ನೂ ಹೀಗೆ ಜೋಡಿಸುವ ಕ್ರಮವು ಅಪರಿಚಿತವಲ್ಲ. ಆದರೆ ಅಲ್ಲಿ ನೀತಿಗಾಗಿ ಕಥೆಯು ಕಲ್ಪಿತವಾದುದೆಂಬುದನ್ನು ಎಲ್ಲರೂ ಬಲ್ಲರು. ಇಲ್ಲಿ ಕಥೆಯು ನಡೆದುದು. ಅದಕ್ಕೆ ತಕ್ಕಂತೆ ನಿಯಮವು ಹುಟ್ಟಬೇಕೇ ಹೊರತು ನಿಯಮಕ್ಕೆ ತಕ್ಕಂತೆ ಕಥೆಯನ್ನು ಕತ್ತರಿಸಬಾರದು.

ಎಕ್ಸ್‌ಲೆಯ ನಿಯಮಗಳಲ್ಲಿ ಮುಖ್ಯವಾದುವು ಮೂರು. ಗುಹೆಯ ಬಾಯಿಂದ ಒಳಗಿನವರೆಗೂ ತುಂಡಿಲ್ಲದ ಒಂದೇ ದಾರವನ್ನು ಕಟ್ಟಿಕೊಂಡು ಹೋಗಬೇಕೆಂಬುದು ಮೊದಲನೆಯದು. ಗಾಳಿಯ ಮೂರರಲ್ಲೊಂದು ಪಾಲು ಮುಗಿದೊಡನೆ ಹಿಂದಿರುಗಿ, ಉಳಿದೆರಡು ಪಾಲುಗಳನ್ನು ಹೊರಬರುವುದಕ್ಕೂ ಆಪತ್ತಿಗೂ ಮೀಸಲಿಡಬೇಕೆಂಬುದು ಎರಡನೆಯದು. ಸಾಮಾನ್ಯ ಗಾಳಿಯನ್ನು ಉಸಿರಾಡುತ್ತ ಬಹಳ ಆಳಕ್ಕೆ ಹೋಗಬಾರದೆಂಬುದು ಮೂರನೆಯದು. ಸತ್ತವರು ಈ ನಿಯಮಗಳಲ್ಲಿ ಒಂದನ್ನೋ ಹೆಚ್ಚನ್ನೋ ಮೀರಿದ್ದರೆಂಬುದು ಆತನ ವಾದದ ಸಾರ.

ಇದಕ್ಕೊಂದು ಆಕ್ಷೇಪವುಂಟು. ನೈಯಾಯಿಕರು ಕಾರ್ಯಕಾರಣಸಂಬಂಧವನ್ನು ಸ್ಥಾಪಿಸುವುದಕ್ಕೆ ಅನ್ವಯ ಸಾಲದು, ವ್ಯತಿರೇಕವೂ ಬೇಕೆನ್ನುತ್ತಾರೆ. ದಾರವಿಲ್ಲದೆ ಹೋದವರು ಸತ್ತರೆಂಬುದು ಅನ್ವಯಮಾತ್ರ. ದಾರವಿಲ್ಲದೆ ಹೋಗಿ ಕ್ಷೇಮವಾಗಿ ಮರಳಿದವರು ಎಷ್ಟು ಮಂದಿ, ದಾರವಿದ್ದೂ ಸಾಯಬಹುದಾಗಿದ್ದವರು ಎಷ್ಟು ಮಂದಿ ಎಂಬುದನ್ನು ಮರಣಗಳ ಪಟ್ಟಿಯು ಹೇಳಲಾರದು. ಸತ್ತವರೆಲ್ಲರೂ ಬೆಳಗ್ಗೆ ಉಪಾಹಾರವನ್ನು ಮಾಡಿದ್ದರೆಂದು ಪಟ್ಟಿಯಿಂದ ತೋರಿಸಿದರೆ ಉಪಾಹಾರವು ಮರಣಕಾರಣವೆನ್ನಲಾಗುವುದೆ? ಈ ಆಕ್ಷೇಪವು ಸಾಧುವೇ ಆದರೂ ಎಕ್ಸ್‌ಲೆಯ ಗ್ರಂಥವನ್ನು ಕೆಡವಲಾರದು. ಏಕೆಂದರೆ ಆತನ ನಿಯಮಗಳು ಎಣಿಕೆಯೊಂದರ ಮೇಲೆಯೇ ನಿಂತಿಲ್ಲ. ಗುಹೆಯ ನೆಲದ ಮೇಲೆ ಸಣ್ಣ ಮಣ್ಣು ಕುಳಿತಿರುತ್ತದೆ. ಕಾಲಿನ ಒಂದು ಬಡಿತಕ್ಕೆ ಅದು ಎದ್ದರೆ ದೀಪವಿದ್ದೂ ಕತ್ತಲೆಯಾಗುತ್ತದೆ. ಕತ್ತಲೆಯಲ್ಲಿ ದಾರಿಯನ್ನು ಹೇಳುವುದು ಕೈಗೆ ತಗಲುವ ದಾರವೊಂದೇ. ಮೇಲಕ್ಕೆ ಏರಿ ಪಾರಾಗುವಂತಿಲ್ಲ, ಮೇಲಿರುವುದು ಬಂಡೆ. ಹೀಗೆ ಯುಕ್ತಿಯೂ ವೃತ್ತಾಂತವೂ ಒಂದನ್ನೊಂದು ಎತ್ತಿಹಿಡಿಯುತ್ತವೆ. ಯುಕ್ತಿಯಿಲ್ಲದೆ ವೃತ್ತಾಂತವನ್ನು ಮಾತ್ರ ನೀಡುವ ವರದಿಗೆ ಈ ಬಲವಿರುವುದಿಲ್ಲ.

೨

ಎರಡನೆಯದಾಗಿ ವಿಚಾರಿಸಬೇಕಾದುದು ಒಂದು ಪದ. ನೀರಿನಲ್ಲಿ ಸತ್ತವನ ಕಾಗದಪತ್ರಗಳಲ್ಲಿ ಮರಣಕಾರಣವೆಂದು ಬಹುಮಟ್ಟಿಗೆ ಬರೆದಿರುವುದು ಮುಳುಗಿ ಸತ್ತನೆಂಬ ಮಾತು. ಕನ್ನಡದಲ್ಲಿ ಈ ಮಾತಿನ ಬಡತನವು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಇಚ್ಛೆಯಿಂದ ನೀರಡಿಗೆ ಇಳಿಯುವುದಕ್ಕೂ ಉಸಿರುಕಟ್ಟಿ ನೀರುಪಾಲಾಗುವುದಕ್ಕೂ ನಮ್ಮಲ್ಲಿ ಮುಳುಗು ಎಂಬ ಒಂದೇ ಧಾತುವಿದೆ. ಮುಳುಗಲು ಹೋದವನು ಮುಳುಗಿ ಸತ್ತನೆಂದರೆ ಹೊಸತಾಗಿ ತಿಳಿದುದೇನು? ಆತನ ಗಾಳಿಯು ಮುಗಿಯಿತೆ, ಬಲೆಯಲ್ಲಿ ಸಿಕ್ಕಿಕೊಂಡನೆ, ಹೃದಯವು ನಿಂತಿತೆ, ಗಾಳಿಗುಳ್ಳೆಯ ತಡೆಯಿಂದ ಪ್ರಜ್ಞೆ ತಪ್ಪಿತೆ? ಈ ನಾಲ್ಕರಲ್ಲಿ ಯಾವುದಾದರೂ ಕೊನೆಗೆ ಬಾಯಿಂದ ಗಾಳಿಯ ಕೊಳವೆಯು ಜಾರಿ ನೀರು ಒಳಹೊಗುತ್ತದೆ. ಕೊನೆಯ ಪುಟವನ್ನು ಮಾತ್ರ ಓದಿ ಗ್ರಂಥದ ವಿಷಯವನ್ನು ಹೇಳಿದಂತೆ ಈ ಪದವು ವಿಚಾರಣೆಯನ್ನು ಮುಗಿಸಿಬಿಡುತ್ತದೆ.

ಈ ದೋಷವನ್ನು ಕಂಡುಕೊಂಡು ತಿದ್ದಲು ಯತ್ನಿಸಿದ ಮುಖ್ಯ ಕೃತಿಯು ಡೆನೋಬಲ್ ಮತ್ತು ಅವರ ಸಂಗಡಿಗರು ೨೦೦೮ರಲ್ಲಿ ಪ್ರಕಟಿಸಿದ ಪ್ರಬಂಧ. ೧೯೮೦ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಬೆನೆಟ್ ಎಂಬವರು ಸ್ಥಾಪಿಸಿದ, ಈಗ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಹೆಸರಿನ, ಸಂಸ್ಥೆಯು ಕೂಡಿಸಿದ ದಾಖಲೆಗಳೇ ಅದಕ್ಕೆ ಆಧಾರ. ೧೯೯೨ರಿಂದ ೨೦೦೩ರವರೆಗಿನ ೯೪೭ ಮರಣಗಳನ್ನು ಅವರು ತೆಗೆದುಕೊಂಡು, ಒಂದೊಂದು ಮರಣವನ್ನೂ ನಾಲ್ಕು ಮೆಟ್ಟಿಲುಗಳಾಗಿ ಬಿಡಿಸಿದರು: ಮೊದಲ ಪ್ರಚೋದನೆ, ಅಸಹಾಯತೆಗೆ ಒಯ್ದ ಸಂಗತಿ, ಅಸಹಾಯನನ್ನಾಗಿ ಮಾಡಿದ ದೇಹದ ಹಾನಿ, ಕೊನೆಗೆ ಮರಣಕಾರಣ. ಕೊನೆಯ ಮೆಟ್ಟಿಲಿನಲ್ಲಿ ನೂರಕ್ಕೆ ೭೦ ಮುಳುಗಿ ಸತ್ತವರು. ಅದರ ಹಿಂದಿನ ಮೆಟ್ಟಿಲಿಗೆ ಇಳಿದರೆ ಚಿತ್ರವೇ ಬೇರೆ: ಉಸಿರುಕಟ್ಟಿದುದು ನೂರಕ್ಕೆ ೩೩, ಗಾಳಿಗುಳ್ಳೆಯ ತಡೆ ೨೯, ಹೃದ್ರೋಗ ೨೬. ಇನ್ನೂ ಹಿಂದೆ ಹೋದರೆ ತುರ್ತಾಗಿ ಮೇಲೇರಿದುದು ೫೫. ಎಲ್ಲಕ್ಕಿಂತ ಮೊದಲನೆಯ ಮೆಟ್ಟಿಲಿನಲ್ಲಿ ಗಾಳಿಯ ಕೊರತೆ ೪೧, ಸಿಕ್ಕಿಬೀಳುವಿಕೆ ೨೦, ಉಪಕರಣದ ತೊಂದರೆ ೧೫. ಒಂದೇ ರಾಶಿಯ ಮರಣಗಳು ಕೊನೆಯಿಂದ ನೋಡಿದರೆ ಒಂದಾಗಿಯೂ ಮೊದಲಿನಿಂದ ನೋಡಿದರೆ ಹಲವಾಗಿಯೂ ಕಾಣುತ್ತವೆ. ಹೃದ್ರೋಗಿಗೆ ಹೇಳಬೇಕಾದ ಎಚ್ಚರಿಕೆಯೂ ಗಾಳಿಯ ಮಾಪಕವನ್ನು ನೋಡದವನಿಗೆ ಹೇಳಬೇಕಾದ ಎಚ್ಚರಿಕೆಯೂ ಬೇರೆ ಬೇರೆಯಷ್ಟೆ. ಮುಳುಗಿ ಸತ್ತನೆಂಬ ಪದವು ಇಬ್ಬರಿಗೂ ಏನನ್ನೂ ಹೇಳುವುದಿಲ್ಲ.

ಆದರೆ ಈ ಪ್ರಬಂಧವನ್ನು ಉದಾಹರಿಸುವವರು ಒಂದು ಸಣ್ಣ ಉಪಾಧಿಯನ್ನು ಮರೆಯುತ್ತಾರೆ. ಸಾಧ್ಯವಾದ ಕಡೆ ಮಾತ್ರ ಈ ವಿಂಗಡಣೆಯನ್ನು ಮಾಡಿದೆಯೆಂದು ಕರ್ತೃಗಳೇ ತಿಳಿಸಿರುತ್ತಾರೆ. ನೂರಕ್ಕೆ ೪೧ ಎಂಬುದು ಮೊದಲ ಪ್ರಚೋದನೆಯನ್ನು ಗೊತ್ತುಮಾಡಲು ಸಾಧ್ಯವಾದವುಗಳಲ್ಲಿನ ಪಾಲೇ ಹೊರತು ೯೪೭ರ ಪಾಲಲ್ಲ. ಗಾಳಿ ಮುಗಿದುದಕ್ಕೆ ಬರಿದಾದ ಸಿಲಿಂಡರು ಸಾಕ್ಷಿಯಾಗಿ ಉಳಿಯುತ್ತದೆ. ಮನಸ್ಸಿನ ಕಳವಳಕ್ಕೂ ಒಂದು ಕ್ಷಣದ ತಲೆಸುತ್ತಿಗೂ ಅಂಥ ಸಾಕ್ಷಿ ಉಳಿಯುವುದಿಲ್ಲ. ಆದಕಾರಣ ಗುರುತನ್ನು ಬಿಟ್ಟುಹೋಗುವ ಕಾರಣಗಳು ಪಟ್ಟಿಯಲ್ಲಿ ದೊಡ್ಡದಾಗಿ ಕಾಣುವ ಸಂಭವವಿದೆ. ಹಸ್ತಪ್ರತಿಗಳಲ್ಲಿ ಉಳಿದ ಗರಿಗಳಿಂದಲೇ ಕವಿಯ ಒಲವನ್ನು ನಿರ್ಣಯಿಸುವವನಿಗೆ ಬೇಕಾದ ಎಚ್ಚರವು ಇಲ್ಲಿಯೂ ಬೇಕು.

ಶವಪರೀಕ್ಷೆಯೂ ಈ ತೊಡಕಿನಿಂದ ಹೊರತಲ್ಲ. ಆಳದಲ್ಲಿದ್ದವನ ದೇಹದಲ್ಲಿ ಒತ್ತಡದಿಂದ ಸಾರಜನಕವು ಕರಗಿರುತ್ತದೆ. ಸತ್ತ ದೇಹವನ್ನು ಮೇಲಕ್ಕೆ ತಂದಾಗ ಆ ಸಾರಜನಕವು ರಕ್ತನಾಳಗಳಲ್ಲಿ ಗುಳ್ಳೆಗಳಾಗಿ ಹೊರಡುತ್ತದೆ. ಇದನ್ನರಿಯದ ವೈದ್ಯನು ಆ ಗುಳ್ಳೆಗಳನ್ನು ಕಂಡು ಗಾಳಿಗುಳ್ಳೆಯ ತಡೆಯಿಂದ ಮರಣವೆಂದು ಬರೆಯಬಹುದು. ಮರಣದ ಬಳಿಕ ಹುಟ್ಟಿದ ಚಿಹ್ನೆಯನ್ನು ಮರಣಕ್ಕೆ ಕಾರಣವೆಂದು ಓದಿದಂತಾಗುತ್ತದೆ. ಪ್ರತಿಕಾರನ ಸೇರಿಕೆಯನ್ನು ಕವಿಯ ಪಾಠವೆಂದು ಎಣಿಸುವುದಕ್ಕೂ ಇದಕ್ಕೂ ಸ್ವರೂಪದಲ್ಲಿ ಭೇದವಿಲ್ಲ.

೩

ಮೂರನೆಯದು ಸಾಕ್ಷಿಗಳ ವಿಚಾರ. ವರದಿಯನ್ನು ಬರೆಯುವವನಿಗೆ ಅಂತ್ಯವು ಗೊತ್ತಿರುತ್ತದೆ. ಅಂತ್ಯವು ಗೊತ್ತಿದ್ದವನ ಲೇಖನಿಯಲ್ಲಿ ಹಿಂದಿನ ಪ್ರತಿಯೊಂದು ಕಾರ್ಯವೂ ಅಪಶಕುನವಾಗಿಬಿಡುತ್ತದೆ. ಮುಳುಗುಗಾರನು ಗಾಬರಿಗೊಂಡು ಸೊಂಟದ ಸೀಸದ ಪಟ್ಟಿಯನ್ನು ಬಿಚ್ಚಲು ಮರೆತನೆಂಬಂಥ ವಾಕ್ಯಗಳು ಈ ಸಾಹಿತ್ಯದಲ್ಲಿ ಹೇರಳ. ಇದರಲ್ಲಿ ಕಂಡದ್ದೆಷ್ಟು, ಊಹಿಸಿದ್ದೆಷ್ಟು? ಶವವು ದೊರೆತಾಗ ಪಟ್ಟಿಯು ಸೊಂಟದಲ್ಲಿತ್ತೆಂಬುದು ಕಂಡದ್ದು. ಗಾಬರಿಯೂ ಮರೆವೂ ಊಹೆಗಳು. ಪ್ರಜ್ಞೆ ತಪ್ಪಿದವನೂ ಪಟ್ಟಿಯನ್ನು ಬಿಚ್ಚುವುದಿಲ್ಲ. ಊಹೆಯು ನಿಜವಿರಲೂಬಹುದು, ಆದರೆ ಅದನ್ನು ಕಂಡದ್ದರ ಜೊತೆಗೆ ಒಂದೇ ವಾಕ್ಯದಲ್ಲಿ ಹೆಣೆದುಬಿಟ್ಟರೆ ಓದುಗನಿಗೆ ಬಿಡಿಸಿಕೊಳ್ಳುವ ಮಾರ್ಗವೇ ಇರುವುದಿಲ್ಲ. ಸತ್ತವನ ಮೇಲೆ ಅಪವಾದವು ನಿಲ್ಲುತ್ತದೆ. ಬದುಕಿರುವವನು ತಾನು ಗಾಬರಿಗೊಳ್ಳುವವನಲ್ಲವೆಂದು ನಂಬಿ ನಿಶ್ಚಿಂತನಾಗುತ್ತಾನೆ.

ಉಪಕರಣಗಳ ಸಾಕ್ಷ್ಯವು ಮನುಷ್ಯಸಾಕ್ಷ್ಯಕ್ಕಿಂತ ದೃಢವಾದುದು. ಈಗ ಕೈಗೆ ಕಟ್ಟಿಕೊಳ್ಳುವ ಡೈವ್ ಕಂಪ್ಯೂಟರುಗಳು ಆಳವನ್ನೂ ಕಾಲವನ್ನೂ ಕೆಲವು ಕ್ಷಣಗಳಿಗೊಮ್ಮೆ ಬರೆದಿಡುತ್ತವೆ. ಆದರೂ ಆತನು ಥಟ್ಟನೆ ಮೇಲೇರಿದನೆಂಬುದನ್ನು ಅವು ಹೇಳಬಲ್ಲವು. ಏಕೆ ಏರಿದನೆಂಬುದನ್ನು ಹೇಳಲಾರವು. ರಕ್ಷಕನು ಸಿಲಿಂಡರಿನ ಕವಾಟವನ್ನು ಮುಚ್ಚಿ, ಎಷ್ಟು ಸುತ್ತು ತಿರುಗಿಸಿದೆನೆಂಬುದನ್ನು ಬರೆದಿಡದಿದ್ದರೆ, ಅದು ನೀರಡಿಯಲ್ಲಿ ಪೂರ್ತಿಯಾಗಿ ತೆರೆದಿತ್ತೋ ಅರೆಯಾಗಿ ತೆರೆದಿತ್ತೋ ಎಂಬುದು ಎಂದೆಂದಿಗೂ ತಿಳಿಯದು.

ಇನ್ನು ಹೆಸರಿಲ್ಲದ ವರದಿಗಳ ಮಾತು. ೧೯೫೩ರಲ್ಲಿ ಸ್ಥಾಪಿತವಾದ ಬ್ರಿಟಿಷ್ ಸಬ್-ಆಕ್ವಾ ಕ್ಲಬ್ಬು ಪ್ರಕಟಿಸುವ ವಾರ್ಷಿಕ ವರದಿಯಲ್ಲಿ ಮರಣಗಳಲ್ಲದೆ, ಪ್ರಾಣವುಳಿದ ಆಪತ್ತುಗಳೂ ಹೆಸರುಗಳಿಲ್ಲದೆ ಕೆಲವು ಪಂಕ್ತಿಗಳಲ್ಲಿ ವರ್ಣಿತವಾಗಿರುತ್ತವೆ. ಹೆಸರಿಲ್ಲದ ಸಾಕ್ಷಿಯನ್ನು ನಂಬುವುದು ಹೇಗೆಂದು ಕೇಳಬಹುದು. ಹೆಸರನ್ನು ಕೇಳಿದರೆ ಸಾಕ್ಷಿಯೇ ದೊರೆಯದೆಂಬುದು ಅದಕ್ಕೆ ಉತ್ತರ. ತನ್ನ ತಪ್ಪನ್ನು ಒಪ್ಪಿಕೊಳ್ಳುವವನಿಗೆ ಅವಮಾನದ ಭಯವೂ ನ್ಯಾಯಾಲಯದ ಭಯವೂ ಇರುತ್ತವೆ. ವಿಮಾನಸಂಚಾರದಲ್ಲಿ ಇದೇ ಕಾರಣದಿಂದ ಅಮೆರಿಕದ ನಾಸಾ ಸಂಸ್ಥೆಯು ೧೯೭೬ರಿಂದ ವೈಮಾನಿಕರ ವರದಿಗಳನ್ನು ಗೋಪ್ಯವಾಗಿ ಸ್ವೀಕರಿಸುವ ಏರ್ಪಾಡನ್ನು ನಡೆಸಿತು. ನನಗೆ ತೋರುವಂತೆ ಬ್ರಿಟಿಷ್ ವರದಿಯ ಹೆಚ್ಚಳವು ಇಲ್ಲಿಯೇ ಇದೆ. ಮೊದಲು ಹೇಳಿದ ವ್ಯತಿರೇಕವು ಅಲ್ಪಸ್ವಲ್ಪವಾದರೂ ದೊರೆಯುವುದು ಬದುಕಿ ಬಂದವರ ಮಾತಿನಿಂದ. ಗಾಳಿ ಮುಗಿದೂ ಜೊತೆಗಾರನ ನೆರವಿನಿಂದ ಮೇಲೆ ಬಂದವನ ನಾಲ್ಕು ಪಂಕ್ತಿಗಳು, ಗಾಳಿ ಮುಗಿದು ಸತ್ತವನ ನಾಲ್ಕು ಪುಟಗಳಷ್ಟೇ ಬೋಧಪ್ರದ.

ಆಸ್ಟ್ರೇಲಿಯಾದ ಡಾಕ್ಟರ್ ಡಗ್ಲಸ್ ವಾಕರರು ಅನೇಕ ವರ್ಷಗಳ ಕಾಲ ತಮ್ಮ ದೇಶದ ಮುಳುಗುಗಾರರ ಮರಣಗಳನ್ನು ಒಂದೊಂದಾಗಿ ಶೋಧಿಸಿ ಪ್ರಕಟಿಸಿದರು. ಆ ವರದಿಗಳಿಗೆ ಅವರು ಇಟ್ಟ ಹೆಸರು ತಾತ್ಕಾಲಿಕ ವರದಿ ಎಂದು. ಈ ಒಂದು ವಿಶೇಷಣದಲ್ಲಿ ವಿಮರ್ಶಕನಿಗೆ ಬೇಕಾದ ವಿವೇಕವೆಲ್ಲ ಇದೆ. ಹೊಸ ಸಾಕ್ಷ್ಯವು ಬಂದರೆ ನಿರ್ಣಯವನ್ನು ತಿದ್ದಿಕೊಳ್ಳುವೆನೆಂಬ ಪ್ರತಿಜ್ಞೆಯು ಅದರಲ್ಲಿ ಅಡಗಿರುತ್ತದೆ.

ಅದೇ ದೇಶದಲ್ಲಿ ನಡೆದ ಇನ್ನೊಂದು ಸಂಗತಿಯು ವರದಿಯಿಲ್ಲದ ಕಡೆ ಕಥೆಯು ಹೇಗೆ ಬೆಳೆಯುತ್ತದೆಂಬುದನ್ನು ತೋರಿಸುತ್ತದೆ. ೧೯೯೮ನೆಯ ಜನವರಿ ೨೫ರಂದು ಗ್ರೇಟ್ ಬ್ಯಾರಿಯರ್ ರೀಫಿಗೆ ಮುಳುಗುಗಾರರನ್ನು ಕರೆದೊಯ್ದ ದೋಣಿಯೊಂದು ಅಮೆರಿಕದ ದಂಪತಿಗಳನ್ನು ಸಮುದ್ರದಲ್ಲಿಯೇ ಬಿಟ್ಟು ದಡಕ್ಕೆ ಮರಳಿತು. ತಲೆಗಳ ಎಣಿಕೆಯು ತಪ್ಪಿದ್ದಿತು. ಅವರಿಲ್ಲವೆಂಬುದು ಎರಡು ದಿನಗಳ ತರುವಾಯ ತಿಳಿಯಿತು, ದೇಹಗಳು ದೊರೆಯಲಿಲ್ಲ. ಅವರು ತಾವಾಗಿಯೇ ಸತ್ತರೆಂದು ಕೆಲವರು, ಸತ್ತಂತೆ ನಟಿಸಿ ಓಡಿಹೋದರೆಂದು ಕೆಲವರು ಹೇಳತೊಡಗಿದರು. ೨೦೦೩ರಲ್ಲಿ ಈ ಸಂಗತಿಯ ಸೂಚನೆಯಿಂದ ಹುಟ್ಟಿದ 'ಓಪನ್ ವಾಟರ್' ಎಂಬ ಚಲಚ್ಚಿತ್ರವು ಅವರ ಕೊನೆಯ ಗಳಿಗೆಗಳನ್ನು ಮಾತುಕತೆಗಳಿಂದಲೂ ಶಾರ್ಕ್ ಮೀನುಗಳಿಂದಲೂ ತುಂಬಿತು. ಕಲ್ಪಿತವಾದುದೆಂದು ತಿಳಿದು ನೋಡಿದರೆ ಅದರಲ್ಲಿ ದೋಷವಿಲ್ಲ. ಆದರೆ ಜನರ ನೆನಪಿನಲ್ಲಿ ಉಳಿದುದು ಶಾರ್ಕ್ ಮೀನು. ಸಾಕ್ಷ್ಯವಿದ್ದುದು ತಪ್ಪಿದ ಎಣಿಕೆಗೆ. ಕ್ವೀನ್ಸ್‌ಲೆಂಡ್ ರಾಜ್ಯದಲ್ಲಿ ತರುವಾಯ ಬಿಗಿಯಾದ ನಿಯಮಗಳು ಎಣಿಕೆಗೆ ಸಂಬಂಧಪಟ್ಟವು. ಮುಂದಿನವರ ಪ್ರಾಣವನ್ನು ಕಾಯುವುದು ಆ ನೀರಸವಾದ ಎಣಿಕೆಯೇ.

೪

ಅಂಕಿಗಳ ವಿಷಯದಲ್ಲಿ ಒಂದೇ ಮಾತನ್ನು ಹೇಳಿದರೆ ಸಾಕು. ಇಷ್ಟು ಮಂದಿ ಸತ್ತರೆಂಬುದು ಭಿನ್ನರಾಶಿಯ ಅಂಶಮಾತ್ರ. ಮುಳುಗಿದವರು ಎಷ್ಟು ಮಂದಿ, ಎಷ್ಟು ಸಲ ಮುಳುಗಿದರು ಎಂಬ ಛೇದವಿಲ್ಲದೆ ಅಪಾಯದ ಪ್ರಮಾಣವು ದೊರೆಯದು. ಮೇಲೆ ಹೇಳಿದ ಅಮೆರಿಕದ ಸಂಸ್ಥೆಯ ವಿಮೆಯನ್ನು ಪಡೆದ ಸದಸ್ಯರ ಲೆಕ್ಕವಿರುವುದರಿಂದ, ೨೦೦೦ದಿಂದ ೨೦೦೬ರವರೆಗೆ ವರ್ಷಕ್ಕೆ ಲಕ್ಷ ಸದಸ್ಯರಲ್ಲಿ ೧೬.೪ ಮಂದಿ ಸತ್ತರೆಂದು ಗಣಿಸಲು ಸಾಧ್ಯವಾಯಿತು. ಇದು ಬೆಲೆಯುಳ್ಳ ಅಂಕಿ. ಆದರೆ ವರ್ಷಕ್ಕೊಮ್ಮೆ ಮುಳುಗುವವನೂ ನೂರು ಸಲ ಮುಳುಗುವವನೂ ಅದರಲ್ಲಿ ಒಬ್ಬೊಬ್ಬರೇ. ವಿಮೆಯಿಲ್ಲದ ಪ್ರವಾಸಿಯು ಅದರಲ್ಲಿ ಇಲ್ಲವೇ ಇಲ್ಲ. ಮುಳುಗಾಟವು ಇಂಥ ಕೆಲಸಕ್ಕಿಂತ ಕ್ಷೇಮ, ಅಂಥದಕ್ಕಿಂತ ಅಪಾಯವೆಂದು ಹೇಳುವ ಹೋಲಿಕೆಗಳಲ್ಲಿ ಛೇದಗಳು ಒಂದೇ ಜಾತಿಯವೋ ಅಲ್ಲವೋ ಎಂಬುದನ್ನು ಮೊದಲು ನೋಡಬೇಕು.

೫

ಈ ವಿಚಾರವು ನಮಗೆ ದೂರದ್ದಲ್ಲ. ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಪ್ರವಾಸಿಗಳು ಸ್ಕೂಬಾ ಮುಳುಗಾಟವನ್ನು ನಡೆಸುತ್ತಾರೆ; ಮೊದಲ ಸಲ ನೀರಡಿಯನ್ನು ಕಾಣುವವರೂ ಅವರಲ್ಲಿರುತ್ತಾರೆ. ನಮ್ಮ ದೇಶದಲ್ಲಿ ಅಸ್ವಾಭಾವಿಕ ಮರಣವುಂಟಾದರೆ, ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೯೪ನೆಯ ಪ್ರಕರಣದಂತೆ ಪೊಲೀಸರು ನೆರೆಹೊರೆಯ ಗಣ್ಯರ ಎದುರಿನಲ್ಲಿ ಪಂಚನಾಮೆಯನ್ನು ಬರೆಯಬೇಕು. ದೇಹದ ಮೇಲಣ ಗಾಯಗಳನ್ನೂ ಗುರುತುಗಳನ್ನೂ ವಿವರಿಸಿ, ಮೇಲ್ನೋಟಕ್ಕೆ ಕಂಡ ಮರಣಕಾರಣವನ್ನು ತಿಳಿಸುವುದು ಅದರ ಉದ್ದೇಶ. ದುಷ್ಕೃತ್ಯವನ್ನು ಪತ್ತೆಮಾಡುವುದಕ್ಕೆ ಇದು ಯೋಗ್ಯವಾದ ಸಾಧನವೇ ಸರಿ. ಆದರೆ ಸಿಲಿಂಡರಿನಲ್ಲಿ ಉಳಿದ ಗಾಳಿಯೆಷ್ಟು, ಕವಾಟವು ಹೇಗಿತ್ತು, ಜೊತೆಗಾರನು ಕೊನೆಯದಾಗಿ ಕಂಡದ್ದು ಯಾವಾಗ ಎಂಬ ಪ್ರಶ್ನೆಗಳನ್ನು ಕೇಳುವುದಕ್ಕಾಗಿ ಈ ಬರಹದ ಕ್ರಮವು ಹುಟ್ಟಿದುದಲ್ಲ. ಮೇಲ್ನೋಟಕ್ಕೆ ಕಾಣುವುದು ಮುಳುಗಿ ಸತ್ತನೆಂಬುದೊಂದೇ. ಆದುದರಿಂದ ಪತ್ರಿಕೆಗಳಲ್ಲಿ ಬರುವ ಇಂಥ ವಾರ್ತೆಯನ್ನು ಓದುವಾಗ ಅದು ವಿಚಾರಣೆಯ ಮೊದಲ ಪಂಕ್ತಿಯೆಂದು ತಿಳಿಯಬೇಕಲ್ಲದೆ ಕೊನೆಯದೆಂದು ತಿಳಿಯಬಾರದು.

ಕೊನೆಯಲ್ಲಿ ಮತ್ತೆ ಎಕ್ಸ್‌ಲೆಯ ಪ್ರಸ್ತಾಪವನ್ನು ಮಾಡಬೇಕಾಗಿದೆ. ೧೯೯೪ನೆಯ ಏಪ್ರಿಲ್ ೬ರಂದು ಮೆಕ್ಸಿಕೋ ದೇಶದ ಸಕಾತೋನ್ ಎಂಬ ನೀರಿನ ಕೂಪದಲ್ಲಿ ಸಾವಿರ ಅಡಿಗಳಿಗೂ ಮಿಗಿಲಾದ ಆಳವನ್ನು ಮುಟ್ಟಲು ಹೋಗಿ ಆತನೇ ತೀರಿಕೊಂಡನು. ಅಂದು ಬೇರೊಂದು ಹಗ್ಗದ ಬಳಿಯಲ್ಲಿ ಇಳಿದಿದ್ದ ಜಿಮ್ ಬೌಡನ್ ಎಂಬಾತನು ಬದುಕಿ ಬಂದನು. ಎಕ್ಸ್‌ಲೆಯ ದೇಹವು ಕೆಲವು ದಿನಗಳ ಮೇಲೆ ಹಗ್ಗವನ್ನು ಎಳೆದಾಗ ಅದರೊಡನೆ ಬಂದಿತು. ಅತ್ಯಧಿಕ ಒತ್ತಡದಿಂದ ನರಗಳಿಗಾಗುವ ನಡುಕವೇ ಕಾರಣವಿರಬಹುದೆಂದು ಕೆಲವರು ಊಹಿಸಿದರು. ನಿಶ್ಚಿತವಾದ ಕಾರಣವು ತಿಳಿದುಬರಲಿಲ್ಲ. ಪರರ ಮರಣಗಳಿಂದ ನಿಯಮಗಳನ್ನು ಹೊರತೆಗೆದು ಎಷ್ಟೋ ಮಂದಿಯ ಪ್ರಾಣವನ್ನುಳಿಸಿದವನ ಮರಣದಿಂದ ಒಂದು ನಿಯಮವನ್ನೂ ಖಚಿತವಾಗಿ ತೆಗೆಯಲಾಗಲಿಲ್ಲ. ಇದರಿಂದ ಆತನ ಗ್ರಂಥದ ಬೆಲೆಯು ಕುಂದುವುದಿಲ್ಲ. ಅಂಥ ಗ್ರಂಥವನ್ನು ಬರೆಯುವವರು ಎಲ್ಲಿ ನಿಲ್ಲಬೇಕೆಂಬುದು ತಿಳಿಯುತ್ತದೆ.

ಅಪಘಾತದ ವರದಿಯು ಪ್ರಮಾಣವಾಗುವುದು ಎಲ್ಲವನ್ನೂ ವಿವರಿಸುವುದರಿಂದಲ್ಲ. ಕಂಡದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸಿ, ಕೊನೆಯ ಪದದಿಂದ ಮೊದಲ ಮೆಟ್ಟಿಲಿನವರೆಗೆ ಹಿಂದಕ್ಕೆ ನಡೆದು, ತಿಳಿವು ಮುಗಿದೆಡೆಯಲ್ಲಿ ಮುಗಿಯಿತೆಂದು ಬರೆಯುವುದರಿಂದ ಅದು ಪ್ರಮಾಣವಾಗುತ್ತದೆ. ಇಂಥ ವರದಿಗಳು ಕನ್ನಡದಲ್ಲಿಯೂ ಬರೆಯಲ್ಪಡಬೇಕು. ಅವನ್ನು ಬರೆಯುವವರಿಗೆ ಶಾಸನಗಳನ್ನು ಓದಿದವರ ಶಿಕ್ಷಣವು ಅನುಪಯುಕ್ತವಾಗದೆಂದು ನಂಬಿರುತ್ತೇನೆ.